ಸಹಾಯ ಬೇಕು: ಬರ್ಲಿಂಗೇಮ್ ಮಂತ್ರಿಯೋ, ರಾಯಭಾರಿಯೋ?

ನಮಸ್ಕಾರ. ಆನ್ಸನ್ ಬರ್ಲಿಂಗೇಮ್ ಬಗ್ಗೆ ಲೇಖನ ಬರೆಯುತ್ತಾ ಒಂದೇ ಪದಕ್ಕೆ ಎರಡು ದಿನದಿಂದ ಸಿಕ್ಕಿಕೊಂಡಿದ್ದೇನೆ. ಅಮೆರಿಕದ ಮ್ಯಾಸಚೂಸೆಟ್ಸ್‌ನ ಸಂಸದರಾಗಿದ್ದ ಇವರನ್ನು 1861ರಲ್ಲಿ ಅಧ್ಯಕ್ಷ ಲಿಂಕನ್ ಚೀನಾಕ್ಕೆ 'ಮಿನಿಸ್ಟರ್' (ಅಂದರೆ ಅಲ್ಲಿ ಅಮೆರಿಕವನ್ನು ಪ್ರತಿನಿಧಿಸುವ, ರಾಯಭಾರಿಗಿಂತ ಕೆಳಗಿನ ದರ್ಜೆಯ ರಾಜತಾಂತ್ರಿಕ) ಮಾಡಿ ಕಳಿಸಿದರು (ಮೊದಲು ಆಸ್ಟ್ರಿಯಾಕ್ಕೆ ಅಂತಿತ್ತು, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಹಂಗೇರಿ ಪರ ಮಾತಾಡಿದವರು ಅಂತ ಆಸ್ಟ್ರಿಯಾದವರೇ ಬೇಡ ಅಂದರು!). 'ಮಂತ್ರಿ' ಅಂತ ಬರೆದೆ, ಓದಿದ ಗೆಳೆಯ ಚೀನಾದ ಸಚಿವ ಅಂದುಕೊಂಡ. 'ರಾಯಭಾರಿ' ಅನ್ನೋಣ ಅಂದ್ರೆ ಅಮೆರಿಕ ಆ ದರ್ಜೆ ಶುರು ಮಾಡಿದ್ದೇ 1893ರಲ್ಲಿ. 'ದೂತ' ಸರಿಹೋಗುತ್ತಿತ್ತೇನೋ, ಆದರೆ 1867ರಲ್ಲಿ ಇವರು ಆ ಕೆಲಸ ಬಿಟ್ಟು ಚೀನಾದ ದೂತರಾಗಿಯೇ ಹೊರಟು, ಮರುವರ್ಷ ವಾಷಿಂಗ್ಟನ್‌ನಲ್ಲಿ ತಮ್ಮದೇ ದೇಶದ ಜೊತೆಗಿನ ಒಪ್ಪಂದಕ್ಕೆ ಚೀನಾ ಪರವಾಗಿ ಸಹಿ ಹಾಕಿದರು. ಎರಡಕ್ಕೂ ಒಂದೇ ಪದ ಹಾಕಿದರೆ ಓದುವವರ ತಲೆ ಕೆಡುತ್ತೆ ಅಲ್ವಾ? 1861ರ ಆ ಹುದ್ದೆಗೆ ಮಾತ್ರ ಯಾವ ಕನ್ನಡ ಪದ ಬಳಸಲಿ, ಅಥವಾ 'ಮಿನಿಸ್ಟರ್' ಅಂತಲೇ ಬಿಡಲಾ?