ದಾವಣಗೆರೆ: ಬಡಾವಣೆಯ ಗ್ರಂಥಾಲಯದ ನಕ್ಷೆಯನ್ನು ಟೆಂಡರ್‌ಗೆ ಮೊದಲೇ ಜನ ನೋಡುವುದು ಹೇಗೆ?

ನಿಟ್ಟುವಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ನಿಟ್ಟುವಳ್ಳಿ ಕಡೆಯ ನಮ್ಮ ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ 60x90 ಅಡಿ ನಿವೇಶನ ವರ್ಷಗಟ್ಟಲೆ ಪಾರ್ಥೇನಿಯಂ ಬೆಳೆದುಕೊಂಡು ಬಿದ್ದಿತ್ತು. ಅಲ್ಲಿ ಗ್ರಂಥಾಲಯ ಬೇಕೆಂದು ನಾವು ಹೆಂಗಸರೇ ಮನೆಮನೆಗೆ ಹೋಗಿ ಸಹಿ ಹಾಕಿಸಿ ಅರ್ಜಿ ಕೊಟ್ಟಿದ್ದೆವು. ಈಗ ಮಂಜೂರಾಗುವ ಹಂತಕ್ಕೆ ಬಂದಿದೆ. ಕೆಳಗೆ ಗ್ರಂಥಾಲಯ, ಮೇಲೆ ಸಮುದಾಯ ಭವನ. ಜಾಗದ ಮುಂದೆ ಕಟ್ಟಡದ ಚಿತ್ರವಿರುವ ಫ್ಲೆಕ್ಸ್ ಕಟ್ಟಿದ್ದಾರೆ.

ಆ ಚಿತ್ರ ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ರಸ್ತೆ ಇರುವುದು ಪಶ್ಚಿಮಕ್ಕೆ. ಆ ಮುಖವೆಲ್ಲ ನೆಲದಿಂದ ಮೇಲಿನವರೆಗೆ ನೀಲಿ ಗಾಜು. ಬಾಗಿಲಿಗೆ ಏಳು ಮೆಟ್ಟಿಲು. ಸಂಬಂಧಪಟ್ಟ ಕಚೇರಿಗೆ ಹೋಗಿ ವಿಚಾರಿಸಿದೆ. ಕಿರಿಯ ಎಂಜಿನಿಯರ್ ಸೌಜನ್ಯದಿಂದಲೇ ಕಂಪ್ಯೂಟರ್‌ನಲ್ಲಿ ನಕ್ಷೆ ತೋರಿಸಿದರು, ಪ್ರತಿ ಮಾತ್ರ ಕೊಡಲಿಲ್ಲ. ಟೆಂಡರ್ ಆದ ಮೇಲೆ ಬನ್ನಿ ಎಂದರು. ಅಷ್ಟರಲ್ಲೇ ಕಣ್ಣಿಗೆ ಬಿದ್ದದ್ದು ಇಷ್ಟು: ಓದುವ ಕೋಣೆಯ ನೆತ್ತಿಯ ಮೇಲೇ ಭವನದ ವೇದಿಕೆ ಇದೆ. ಶೌಚಾಲಯ ಮೆಟ್ಟಿಲ ಅಡಿಯಲ್ಲಿ, ಗಂಡಸರಿಗೂ ಹೆಂಗಸರಿಗೂ ಸೇರಿ ಒಂದೇ. ಲಿಫ್ಟ್ ಇಲ್ಲ.

ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ, ಈ ಕಟ್ಟಡ ಬೇಕೇ ಬೇಕು. ಮಧ್ಯಾಹ್ನ ಮೇಲೆ ನಾಮಕರಣದ ಮೈಕು ಕೂಗುತ್ತಿರುವಾಗ ಕೆಳಗೆ ಮಕ್ಕಳು ಓದುವುದು ಹೇಗೆ? ಕಬ್ಬಿಣ, ಸಿಮೆಂಟ್ ಸರಿಯಿದೆಯೇ ಎಂದು ಪರೀಕ್ಷಿಸುವವರು ಇರುತ್ತಾರೆ. ಅಲ್ಲಿ ಕೂತು ಓದಲು ಆಗುತ್ತದೆಯೇ ಎಂದು ನಕ್ಷೆಯನ್ನು ನೋಡುವವರು ಯಾರು? ಆ ಮಾತನ್ನು ಯಾವ ಹಂತದಲ್ಲಿ, ಯಾರ ಮುಂದೆ ಎತ್ತಬೇಕು? ತಿಳಿದವರು ದಯವಿಟ್ಟು ಹೇಳಿ.

ಕೋಟೆನಾಡು ಎಂಜಿನಿಯರ್

ಟೀಚರ್, ನಾನು ಚಿತ್ರದುರ್ಗದವನು. ಸರ್ಕಾರಿ ಕಟ್ಟಡಗಳ ಕೆಲಸದಲ್ಲೇ ನೌಕರಿ ಮುಗಿಸಿ ನಿವೃತ್ತನಾಗಿದ್ದೇನೆ. ನೀವು ಸರಿಯಾದ ಸಮಯಕ್ಕೆ ಕೇಳಿದ್ದೀರಿ, ಅದಕ್ಕೇ ವಿವರವಾಗಿ ಬರೆಯುತ್ತೇನೆ.

ಕಡತ ಸಾಗುವ ದಾರಿ ಹೀಗೆ: ಮೊದಲು ಪರಿಕಲ್ಪನಾ ನಕ್ಷೆ ಮತ್ತು ಅಂದಾಜು ಪಟ್ಟಿ, ಆಮೇಲೆ ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ಗುದ್ದಲಿ ಪೂಜೆ ಇವೆಲ್ಲದರ ನಂತರ. ಹಣ ಇದೆಯೇ, ಕೆಲಸ ಅಗತ್ಯವೇ ಎಂದು ಆಡಳಿತಾತ್ಮಕ ಅನುಮೋದನೆಯ ಹಂತ ನೋಡುತ್ತದೆ. ದರ, ಅಳತೆ, ಕಟ್ಟಡದ ಬಲ ಸರಿಯೇ ಎಂದು ತಾಂತ್ರಿಕ ಮಂಜೂರಾತಿಯ ಹಂತ ನೋಡುತ್ತದೆ. ಓದುವವನ ತಲೆಯ ಮೇಲೆ ಮೈಕು ಇದೆಯೇ ಎಂಬ ಪ್ರಶ್ನೆಗೆ ಆ ಕಡತದಲ್ಲಿ ಕಾಲಂ ಇಲ್ಲ. ಸಾಮಾನ್ಯವಾಗಿ ಜನ ಬಂದು ಕೇಳುವುದು ಗುದ್ದಲಿ ಪೂಜೆಯ ದಿನ. ಅಷ್ಟು ಹೊತ್ತಿಗೆ ಗುತ್ತಿಗೆದಾರನ ಕೈಯಲ್ಲಿ ಒಪ್ಪಂದ ಇರುತ್ತದೆ. ಒಂದು ಬಾಗಿಲು ಸರಿಸಬೇಕೆಂದರೂ ಅಂದಾಜು ಪರಿಷ್ಕರಣೆ, ಮೇಲಧಿಕಾರಿಗಳ ಒಪ್ಪಿಗೆ, ಹೆಚ್ಚುವರಿ ಮೊತ್ತದ ಜಗಳ ಶುರುವಾಗುತ್ತದೆ. ನೀವು ಹಿಡಿಯಬೇಕಾದದ್ದು ತಾಂತ್ರಿಕ ಮಂಜೂರಾತಿಗೆ ಮುಂಚಿನ ದಿನಗಳನ್ನು.

ಈಗ ಬಿಸಿಲಿನ ವಿಚಾರ. ದಾವಣಗೆರೆ ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಡಿಸೆಂಬರ್‌ನಲ್ಲೂ ನಡುಮಧ್ಯಾಹ್ನದ ಸೂರ್ಯ 52 ಡಿಗ್ರಿ ಮೇಲಿರುತ್ತಾನೆ. ಹಾಗಾಗಿ ದಕ್ಷಿಣದ ಕಿಟಕಿಗೆ ಎರಡು ಅಡಿ ಸಜ್ಜಾ ಕೊಟ್ಟರೆ ಎರಡೂವರೆ ಅಡಿ ನೆರಳು ಕೆಳಗಿಳಿಯುತ್ತದೆ. ಪಶ್ಚಿಮದಲ್ಲಿ ಈ ಉಪಾಯ ನಡೆಯುವುದಿಲ್ಲ. ಏಪ್ರಿಲ್‌ನಲ್ಲಿ ಸಂಜೆ ನಾಲ್ಕು ಗಂಟೆಗೆ ಸೂರ್ಯ ಸುಮಾರು 37 ಡಿಗ್ರಿಗೆ ಇಳಿದಿರುತ್ತಾನೆ. ಅದೇ ಎರಡು ಅಡಿ ಸಜ್ಜಾ ಒಂದೂವರೆ ಅಡಿ ನೆರಳು ಕೊಡುತ್ತದೆ. ಐದು ಗಂಟೆಗೆ ಒಂದು ಅಡಿಯೂ ಇಲ್ಲ. ಇನ್ನು ನೆಲದವರೆಗೆ ಗಾಜು ಎಂದರೆ ಬಿಸಿಲು ಮೇಜಿನ ಮೇಲೆ ಬಂದು ಕೂರುತ್ತದೆ. ಆಮೇಲೆ ಏನಾಗುತ್ತದೆಂದು ನೋಡಿ ನೋಡಿ ಸಾಕಾಗಿದೆ: ಮೊದಲ ಬೇಸಿಗೆಗೆ ಒಳಗಿನಿಂದ ಪರದೆ, ಎರಡನೆಯ ಬೇಸಿಗೆಗೆ ಗಾಜಿಗೆ ಕಪ್ಪು ಹಾಳೆ, ಆಮೇಲೆ ಹಗಲೆಲ್ಲ ಟ್ಯೂಬ್‌ಲೈಟ್. ವಿದ್ಯುತ್ ಬಿಲ್ಲು ಗ್ರಂಥಾಲಯದ ತಲೆಗೆ. ಓದುವ ಕೋಣೆಯ ಕಿಟಕಿಗಳು ಉತ್ತರಕ್ಕೆ ತಿರುಗಲಿ. ಪಶ್ಚಿಮದ ಗೋಡೆಗೆ ಮೆಟ್ಟಿಲು, ಹಳೆಯ ಪುಸ್ತಕಗಳ ಉಗ್ರಾಣ, ಶೌಚಾಲಯ ಬರಲಿ. ಆ ಗೋಡೆಗೆ ಬೆಳಕು ಬೇಕೆನಿಸಿದರೆ ಜಾಲಂದ್ರ ಇದೆ. ಗಾಳಿ ಬರುತ್ತದೆ, ಬಿಸಿಲು ಒಡೆದುಹೋಗುತ್ತದೆ.

ಏಳು ಮೆಟ್ಟಿಲು ಎಂದರೆ ಪ್ಲಿಂತ್, ಅಂದರೆ ಹೊರಗಿನ ನೆಲದಿಂದ ಒಳಗಿನ ನೆಲದ ಎತ್ತರ, ಮೂರೂವರೆ ಅಡಿ. ರ‍್ಯಾಂಪಿನ ಇಳಿಜಾರು 1:12 ಇರಬೇಕು, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ನಿಮ್ಮ ಕಟ್ಟಡಕ್ಕೆ 42 ಅಡಿ, ಜೊತೆಗೆ ನಡುವೆ ತಂಗುವ ಸಮತಟ್ಟು ಜಾಗ. ನಕ್ಷೆಯಲ್ಲಿ ಅಷ್ಟು ಜಾಗ ಕಾಣದಿದ್ದರೆ ಕೊನೆಗೆ ಮೆಟ್ಟಿಲ ಪಕ್ಕದಲ್ಲಿ ಜಾರುಬಂಡೆಯಂತಹ ಒಂದು ಕಾಂಕ್ರೀಟ್ ಪಟ್ಟಿ ಸುರಿದು ಅದಕ್ಕೆ ರ‍್ಯಾಂಪ್ ಎಂದು ಹೆಸರಿಡುತ್ತಾರೆ. ಗಾಲಿಕುರ್ಚಿಯಲ್ಲಿ ಅದನ್ನು ಏರಲು ಯಾರಿಂದಲೂ ಸಾಧ್ಯವಿಲ್ಲ. ಅಷ್ಟು ಎತ್ತರ ಏಕೆ ಎಂದು ಕೇಳಿ. ಮಳೆನೀರು ನುಗ್ಗುವ ತಗ್ಗು ಜಾಗವಾದರೆ ಒಪ್ಪಬಹುದು. ಇಲ್ಲವಾದರೆ ಒಂದೂವರೆ ಅಡಿ ಸಾಕು. ರ‍್ಯಾಂಪು 18 ಅಡಿಗೆ ಇಳಿಯುತ್ತದೆ.

ಜಾಗದಲ್ಲಿ ಎರೆ ಮಣ್ಣು ಇದೆಯೇ ಎಂದು ಮರೆಯದೆ ನೋಡಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವ ಮಣ್ಣು ಅದು. ಪಾಯ ಗಟ್ಟಿಯಿದ್ದರೂ ಸುತ್ತಲಿನ ಕಲ್ಲುಹಾಸು, ರ‍್ಯಾಂಪು ಬಿರುಕು ಬಿಡುತ್ತವೆ. ಮಣ್ಣು ಪರೀಕ್ಷೆಯ ವರದಿ ಕಡತದಲ್ಲಿ ಇರಲೇಬೇಕು.

ಮಂಡಿಪೇಟೆ ವರ್ತಕ

ಅಕ್ಕ, ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ಬರುವುದೇ ಕಷ್ಟದಲ್ಲಿ ಬಂದ ಅನುದಾನ. ನಕ್ಷೆ ಸರಿಯಿಲ್ಲ ಎಂದು ತಕರಾರು ತೆಗೆದರೆ ಮಾರ್ಚ್ 31 ದಾಟಿ ಹಣ ವಾಪಸ್ ಹೋಗುತ್ತದೆ, ಅಥವಾ ಬೇರೆ ವಾರ್ಡಿಗೆ ಹೋಗುತ್ತದೆ. ಆಮೇಲೆ ಪಾರ್ಥೇನಿಯಮ್ಮೇ ಗತಿ. ಮೊದಲು ಕಟ್ಟಡ ಏಳಲಿ. ಪರದೆ, ರ‍್ಯಾಂಪು ಆಮೇಲೆ ನಾವೇ ಚಂದಾ ಎತ್ತಿ ಮಾಡಿಸಬಹುದು. ನಮ್ಮ ಬೀದಿಯ ಎಷ್ಟೋ ಕೆಲಸ ಹಾಗೆಯೇ ಆಗಿದೆ.

ಕೋಟೆನಾಡು ಎಂಜಿನಿಯರ್

ಯಜಮಾನರೇ, ನಿಮ್ಮ ಭಯ ಸುಳ್ಳಲ್ಲ, ಹಾಗೆ ಹೋದ ಅನುದಾನವನ್ನು ನಾನೂ ನೋಡಿದ್ದೇನೆ. ಅದಕ್ಕೇ ತಾಂತ್ರಿಕ ಮಂಜೂರಾತಿಗೆ ಮೊದಲು ಎಂದು ಒತ್ತಿ ಹೇಳಿದ್ದು. ಈ ಹಂತದಲ್ಲಿ ನಕ್ಷೆ ತಿದ್ದಲು ಕೆಲವು ದಿನ ಸಾಕು. ಚಂದಾ ಎತ್ತಿ ಪರದೆ ಹಾಕಿಸಬಹುದು, ನಿಜ. ಓದುವ ಕೋಣೆಯ ಮೇಲಿರುವ ವೇದಿಕೆಯನ್ನು ಯಾವ ಚಂದಾದಿಂದ ಕೆಳಗಿಳಿಸುತ್ತೀರಿ? ಮತ್ತೆ, 1965ರ ಸಾರ್ವಜನಿಕ ಗ್ರಂಥಾಲಯ ಅಧಿನಿಯಮದ ಪ್ರಕಾರ ನಾವು ಆಸ್ತಿ ತೆರಿಗೆಯ ಜೊತೆಗೆ ಶೇಕಡಾ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಅಂಗಡಿಯ ತೆರಿಗೆ ರಸೀದಿ ತೆಗೆದು ನೋಡಿ. ಕರ ಕಟ್ಟಿದವರು ನಕ್ಷೆ ತೋರಿಸಿ ಎಂದರೆ ಅದನ್ನು ತಕರಾರು ಎನ್ನಬಾರದು.

ಓದುಗ, ವಿದ್ಯಾನಗರ

ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಬೆಳಿಗ್ಗೆ ಬಾಗಿಲು ತೆರೆಯುವಾಗ ಹೋಗಿ ಮುಚ್ಚುವಾಗ ಬರುವವನು. ಟೀಚರ್, ದಯವಿಟ್ಟು ಈ ಅಂಶಗಳನ್ನೂ ಸೇರಿಸಿ. ನಕ್ಷೆಯಲ್ಲಿ ಮೇಜುಗಳನ್ನು ಹಾಕಿ ತೋರಿಸಲು ಹೇಳಿ. ಖಾಲಿ ಕೋಣೆ ನಕ್ಷೆಯಲ್ಲಿ ಯಾವಾಗಲೂ ದೊಡ್ಡದಾಗಿಯೇ ಕಾಣುತ್ತದೆ. ಗೋಡೆಗೆ ಮಾತ್ರ ಪ್ಲಗ್ ಇದ್ದರೆ ನಡುವಿನ ಮೇಜಿನವರು ನೆಲದ ಮೇಲೆ ವೈರು ಎಳೆಯುತ್ತಾರೆ, ನಡೆಯುವವರು ಎಡವುತ್ತಾರೆ. ಊಟದ ಡಬ್ಬಿ ಬಿಚ್ಚಲು ಒಂದು ನೆರಳಿನ ಕಟ್ಟೆ ಬೇಕು, ಇಲ್ಲವಾದರೆ ಎಲ್ಲರೂ ಮೆಟ್ಟಿಲ ಮೇಲೆ ಕೂರುತ್ತೇವೆ. ಎಲ್ಲಕ್ಕಿಂತ ಮುಖ್ಯ, ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶೌಚಾಲಯ. ನನ್ನ ತಂಗಿ ಓದಲು ಬರುತ್ತಿದ್ದವಳು ಇದೊಂದೇ ಕಾರಣಕ್ಕೆ ಮಧ್ಯಾಹ್ನಕ್ಕೇ ಮನೆಗೆ ಹೋಗುತ್ತಿದ್ದಳು. ಕೊನೆಗೆ ಬರುವುದನ್ನೇ ಬಿಟ್ಟಳು.

ವಾಸ್ತುಶಿಲ್ಪಿ, ಊರು ದಾವಣಗೆರೆ

ಈಗ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಟೀಚರ್ ಕೇಳಿದ ‘ನೋಡುವವರು ಯಾರು’ ಎಂಬ ಪ್ರಶ್ನೆಗೆ ದೆಹಲಿಯಲ್ಲಿ ಉತ್ತರವಿದೆ. ಅಲ್ಲಿ 1973ರ ಕಾಯ್ದೆಯಡಿ ರಚನೆಯಾದ ದೆಹಲಿ ನಗರ ಕಲಾ ಆಯೋಗ ಇದೆ. ನಕ್ಷೆಗಳು ಅದರ ಮುಂದೆ ಬರುತ್ತವೆ. ಪರಿಕಲ್ಪನೆಯ ಹಂತದಲ್ಲೇ ಅಭಿಪ್ರಾಯ ಪಡೆಯಬಹುದು. ಸಭೆಯ ನಡಾವಳಿಯನ್ನು ಜಾಲತಾಣದಲ್ಲಿ ಹಾಕುತ್ತಾರೆ. ಯಾವ ಕಟ್ಟಡಕ್ಕೆ ಏನು ಆಕ್ಷೇಪ ಬಂತು ಎಂದು ಯಾರು ಬೇಕಾದರೂ ಓದಬಹುದು. ಬೆಂಗಳೂರಿಗೂ ಒಂದು ಕಾಲಕ್ಕೆ ಇಂಥದೇ ಆಯೋಗವಿತ್ತು, ಉಳಿಯಲಿಲ್ಲ. ಎಂಜಿನಿಯರ್ ಸರ್ ಊರಿನಲ್ಲಿ ಬೇರೆ ರೀತಿಯ ಪರಿಶೀಲನೆ ಈಗಲೂ ಇದೆ: ಸಂರಕ್ಷಿತ ಕೋಟೆಯ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆಯ 200 ಮೀಟರ್ ನಿಯಂತ್ರಿತ ವಲಯ. ಆ ನಿಯಂತ್ರಿತ ವಲಯದಲ್ಲಿ ಕಟ್ಟಬೇಕಾದರೆ ಅರ್ಜಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಪರಿಶೀಲನೆಗೆ ಹೋಗುತ್ತದೆ. ಕೋಟೆಯ ಪಕ್ಕದ ಕಟ್ಟಡಕ್ಕೆ ಈ ಎಚ್ಚರ ಸಾಧ್ಯವಾದರೆ ಮಕ್ಕಳು ಓದುವ ಕಟ್ಟಡಕ್ಕೂ ಸಾಧ್ಯವಾಗಬೇಕು ಎಂಬುದು ನನ್ನ ದೃಢ ನಂಬಿಕೆ. ಪಾಲಿಕೆಯ ಮಟ್ಟದಲ್ಲಿ ಒಬ್ಬ ವಾಸ್ತುಶಿಲ್ಪಿ, ಒಬ್ಬ ಎಂಜಿನಿಯರಿಂಗ್ ಕಾಲೇಜಿನ ಅಧ್ಯಾಪಕ, ಒಬ್ಬ ವಿಕಲಚೇತನ ಪ್ರತಿನಿಧಿ, ವಾರ್ಡಿನ ಇಬ್ಬರು ಬಳಕೆದಾರರು ತಿಂಗಳಿಗೊಮ್ಮೆ ಕೂತರೂ ಸಾಕು. ದಾವಣಗೆರೆಯಲ್ಲಿ ಅಂಥವರಿಗೆ ಬರವಿಲ್ಲ.

ಈ ಕಟ್ಟಡದ ಬಗ್ಗೆ: 60x90 ಎಂದರೆ 5,400 ಚದರ ಅಡಿ. ಅದರ ಅರ್ಧ ಜಾಗದಲ್ಲಿ ಮಾತ್ರ ಕಟ್ಟಿದರೂ ನೆಲದಲ್ಲೇ 2,700 ಚದರ ಅಡಿ ಸಿಗುತ್ತದೆ. ಮುಂದೆ 1,200ರಲ್ಲಿ ಗ್ರಂಥಾಲಯ, ಹಿಂದೆ 1,500ರಲ್ಲಿ ಭವನ, ನಡುವೆ ತೆರೆದ ಅಂಗಳ, ಭವನಕ್ಕೆ ಪಕ್ಕದಿಂದ ಬೇರೆ ಬಾಗಿಲು. ಸದ್ಯಕ್ಕೆ ಮಹಡಿಯ ಮೆಟ್ಟಿಲೂ ಬೇಡ, ಲಿಫ್ಟೂ ಬೇಡ. ಮೈಕಿನ ಸದ್ದು ಪೂರ್ತಿ ನಿಲ್ಲುವುದಿಲ್ಲ, ಆದರೆ ನೆತ್ತಿಯ ಮೇಲಿಂದ ಇಳಿಯುತ್ತದೆ. ಅಂಗಳದ ಕಟ್ಟೆಯಲ್ಲಿ ವಿದ್ಯಾನಗರದ ಸಹೋದರ ಊಟದ ಡಬ್ಬಿಯನ್ನೂ ಬಿಚ್ಚಬಹುದು. ನಾನು ಉಚಿತವಾಗಿ ಒಂದು ರೇಖಾಚಿತ್ರ ಮಾಡಿಕೊಡುತ್ತೇನೆ.

ನಕ್ಷೆ ಓದಲು ಬಾರದವರಿಗಾಗಿ ಒಂದು ಕೆಲಸ ಮಾಡಿ. ನಿವೇಶನವನ್ನು ಸ್ವಚ್ಛಗೊಳಿಸಿ, ನಕ್ಷೆಯ ಗೋಡೆಗಳನ್ನು ನಿಜವಾದ ಅಳತೆಯಲ್ಲೇ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಹಾಕಿ. ಮನೆಯಿಂದ ಕುರ್ಚಿ, ಮೇಜು ತಂದಿಡಿ. ಗಾಲಿಕುರ್ಚಿ ಬಳಸುವವರೊಬ್ಬರನ್ನು ಕರೆದು ಶೌಚಾಲಯದ ಗೆರೆಯೊಳಗೆ ತಿರುಗಲು ಹೇಳಿ. ಅದಕ್ಕೆ 1,500 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಐದು ಅಡಿ ವ್ಯಾಸದ ಜಾಗ ಬೇಕು. ಕಚೇರಿಯ ಎಂಜಿನಿಯರನ್ನೂ ಕರೆಯಿರಿ. ಗೆರೆಯ ಮೇಲೆ ನಿಂತು ಮಾತಾಡುವಾಗ ಯಾರಿಗೂ ಸಿಟ್ಟು ಬರುವುದಿಲ್ಲ.

ನಿಟ್ಟುವಳ್ಳಿ ಟೀಚರ್

ಎಲ್ಲರಿಗೂ ಕೈಮುಗಿಯುತ್ತೇನೆ. ಭಾನುವಾರ ಗೆರೆ ಹಾಕುವುದೆಂದು ನಮ್ಮ ಮಹಿಳಾ ಸಂಘದಲ್ಲಿ ತೀರ್ಮಾನವಾಯಿತು, ರಂಗೋಲಿ ಹಾಕುವ ಕೈಗಳಿಗೆ ಇದೇನೂ ಕಷ್ಟವಲ್ಲ. ವರ್ತಕ ಅಣ್ಣನವರು ಸುಣ್ಣ ತಾವೇ ಕಳಿಸುವುದಾಗಿ ಹೇಳಿದ್ದಾರೆ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಬರೆದಿದ್ದೇನೆ, ಸರಿಯಿದೆಯೇ ನೋಡಿ:

“ಸದರಿ ನಿವೇಶನದಲ್ಲಿ ಉದ್ದೇಶಿಸಿರುವ ಗ್ರಂಥಾಲಯ ಹಾಗೂ ಸಮುದಾಯ ಭವನದ ನೆಲ ಅಂತಸ್ತು ಮತ್ತು ಮೊದಲ ಅಂತಸ್ತಿನ ನಕ್ಷೆ, ಸೆಕ್ಷನ್ (ಸೀಳುನೋಟ), ಎಲಿವೇಷನ್ (ಹೊರಮುಖದ ನೋಟ), ಅಂದಾಜು ಪಟ್ಟಿ, ಮಣ್ಣು ಪರೀಕ್ಷಾ ವರದಿಗಳ ದೃಢೀಕೃತ ಪ್ರತಿಗಳನ್ನು ಕೊಡಬೇಕಾಗಿ ಕೋರುತ್ತೇನೆ. ಈ ಕಟ್ಟಡವು ವಿಕಲಚೇತನರಿಗೆ ಅನುಕೂಲಕರವಾಗಿದೆಯೇ ಎಂದು ತಿಳಿಸಿ.”

ಕೋಟೆನಾಡು ಎಂಜಿನಿಯರ್

ಚೆನ್ನಾಗಿದೆ. ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯ, 150 ಪದಗಳ ಮಿತಿ. ನಿಮ್ಮದು ಅದರೊಳಗೇ ಇದೆ. ಹತ್ತು ರೂಪಾಯಿ ಶುಲ್ಕ ಸೇರಿಸಿ. ಕೊನೆಯ ವಾಕ್ಯ ಮಾತ್ರ ಬದಲಿಸಿ. ‘ಅನುಕೂಲಕರವೇ’ ಎಂದು ಕೇಳಿದರೆ ‘ಹೌದು’ ಎಂಬ ಒಂದು ಪದದ ಉತ್ತರ ಬರುತ್ತದೆ. ಹೀಗೆ ಬರೆಯಿರಿ: “2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ 44ನೇ ಕಲಮಿನ ಪಾಲನೆಯ ಬಗ್ಗೆ ಕಡತದಲ್ಲಿರುವ ಪರಿಶೀಲನಾ ಟಿಪ್ಪಣಿಯ ಪ್ರತಿ ಕೊಡಿ.” ಪ್ರವೇಶ ಸೌಲಭ್ಯದ ನಿಯಮಗಳಿಗೆ ಹೊಂದದ ನಕ್ಷೆಗೆ ಕಟ್ಟಲು ಅನುಮತಿ ಕೊಡುವಂತಿಲ್ಲ ಎಂದು ಆ ಕಲಂ ಹೇಳುತ್ತದೆ. ಟಿಪ್ಪಣಿ ಇದ್ದರೆ ಓದಿ ನೋಡೋಣ. ಇಲ್ಲದಿದ್ದರೆ ತಾಂತ್ರಿಕ ಮಂಜೂರಾತಿಗೆ ಸಹಿ ಹಾಕುವವರೇ ನಕ್ಷೆಯನ್ನು ವಾಪಸ್ ತರಿಸಿಕೊಳ್ಳಬೇಕಾಗುತ್ತದೆ.

ಉತ್ತರಕ್ಕೆ 30 ದಿನ ಕಾಲಾವಕಾಶವಿದೆ, ಅಷ್ಟರಲ್ಲಿ ಕಡತ ಮುಂದೆ ಹೋಗಬಹುದು. ಆದ್ದರಿಂದ ಅದೇ ದಿನ ಆಯುಕ್ತರಿಗೂ ವಾರ್ಡ್ ಸಮಿತಿಗೂ ಪ್ರತ್ಯೇಕ ಮನವಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಭಾನುವಾರ ಬೆಳಗಿನ ಬಸ್ಸಿಗೆ ನಾನೂ ಬರುತ್ತೇನೆ, ಅಳತೆ ಟೇಪು ನನ್ನಲ್ಲಿದೆ.