ಕೋಣೆಯಲ್ಲಿ ಒಬ್ಬಳೇ ಕಟಾ ಮಾಡುವ ಬಗ್ಗೆ

ಪುಟ್ಟಿ, ಪುಣೆಯಲ್ಲಿ ನಿನ್ನ ಮನೆಯ ಹತ್ತಿರ ಕರಾಟೆ ತರಗತಿ ಇಲ್ಲ, ಕೋಣೆಯಲ್ಲಿ ಒಬ್ಬಳೇ ಕಟಾ (ಎದುರಾಳಿಯಿಲ್ಲದೆ ಗೊತ್ತಾದ ಕ್ರಮದಲ್ಲಿ ಮಾಡುವ ಕರಾಟೆ ಚಲನೆಗಳ ಸರಣಿ) ಮಾಡಿದರೆ ವ್ಯಾಯಾಮವಾದೀತೇ ಎಂದು ನೀನು ನಿನ್ನೆ ಇಲ್ಲಿ ಕೇಳಿದ್ದೆ. ಖಂಡಿತ ಆಗುತ್ತದೆ. ನೀನು ಮೊದಲು ಕಲಿತ ಹೇಯಾನ್ ಶೋದಾನ್ ಕಟಾದ ಮೂಲವೇ ಶಾಲೆಯ ವ್ಯಾಯಾಮ. ಜಪಾನಿನ ಒಕಿನಾವಾದ ಕರಾಟೆ ಗುರು ಇತೊಸು ಅಂಕೊ ಅವರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಶಾಲಾ ಮಕ್ಕಳಿಗೆಂದು ರೂಪಿಸಿದ ಪಿನಾನ್ ಎಂಬ ಕಟಾಗಳ ಸರಣಿಗೆ ಅವರ ಶಿಷ್ಯ ಫುನಾಕೊಶಿ ಗಿಚಿನ್ ಅವರು ಹೇಯಾನ್ ಎಂದು ಹೆಸರಿಟ್ಟರು. ಎದುರಾಳಿಯಿಲ್ಲದೆ ಎಂಥ ಕರಾಟೆ ಎಂದು ಭಾವನವರು ಬರೆದಿದ್ದಾರೆ. ಆದರೆ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಸ್ಪೇನಿನ ಸಾಂದ್ರಾ ಸಾಂಚೆಜ್ ತಮ್ಮ 39ನೆಯ ವಯಸ್ಸಿನಲ್ಲಿ ಚಿನ್ನ ಗೆದ್ದದ್ದು ಕಟಾ ವಿಭಾಗದಲ್ಲಿಯೇ. ದೂರವನ್ನು ಅಳೆಯುವ ಕಣ್ಣು ಮಾತ್ರ ಜೊತೆಗಾರರಿಲ್ಲದೆ ಬರುವುದಿಲ್ಲ ಎಂಬುದನ್ನು ಒಪ್ಪುತ್ತೇನೆ.

ಹೇಯಾನ್ ಶೋದಾನ್‌ನಲ್ಲಿರುವುದು 21 ಚಲನೆಗಳು, ಹಿಡಿಯುವ ಸಮಯ ಸುಮಾರು 40 ಸೆಕೆಂಡು. ಒಂದೇ ಸಲ ಮಾಡಿ ಮುಗಿಸಿದರೆ ಬೆವರೂ ಬಾರದು. ಮೊದಲು ಮೂರು ಬಾರಿ ಬಹಳ ನಿಧಾನವಾಗಿ ಮಾಡು. ಝೆನ್‌ಕುತ್ಸು ನಿಲುವಿನಲ್ಲಿ ಮುಂದಿನ ಮಂಡಿ ಪಾದದ ನೇರಕ್ಕೆ ಬಾಗಿ, ಹಿಂದಿನ ಕಾಲು ಚಾಚಿ, ಸೊಂಟ ಮೇಲೇಳದಂತೆ ಹೆಜ್ಜೆಯಿಂದ ಹೆಜ್ಜೆಗೆ ಸಾಗುವಾಗ ತೊಡೆ ನಡುಗತೊಡಗುತ್ತದೆ, ಅಲ್ಲಿಯೇ ನಿಜವಾದ ಕೆಲಸ ನಡೆಯುತ್ತಿರುತ್ತದೆ. ಆಮೇಲೆ ಐದಾರು ಬಾರಿ ಪೂರ್ಣ ಬಲದಿಂದ, ನಡುವೆ ಒಂದೊಂದು ನಿಮಿಷ ಉಸಿರು ಸುಧಾರಿಸಿಕೊಂಡು ಮಾಡು.

ತಿದ್ದುವವರಿಲ್ಲ ಎಂಬ ನಿನ್ನ ಚಿಂತೆಗೆ ನನ್ನ ಬಳಿ ಒಂದು ಉಪಾಯವಿದೆ. ನಾನು ತಾರಸಿಯಲ್ಲಿ ಹೆಬ್ಬೆರಳುಗಳ ಮುಂದೆ ಸೀಮೆಸುಣ್ಣದಿಂದ ಒಂದು ಗೆರೆ ಎಳೆದುಕೊಳ್ಳುತ್ತೇನೆ. ಆ ಕಟಾ ಆರಂಭವಾದ ಜಾಗದಲ್ಲಿಯೇ ಮುಗಿಯಬೇಕು; ಗೆರೆಯಿಂದ ಒಂದು ಗೇಣು ಆಚೆ ನಿಂತಿದ್ದರೆ ಎಲ್ಲೋ ಒಂದು ಹೆಜ್ಜೆ ಗಿಡ್ಡವಾಗಿದೆ ಅಥವಾ ತಿರುವು ಓರೆಯಾಗಿದೆ ಎಂದು ತಿಳಿಯುತ್ತದೆ. ಮೊದಮೊದಲು ನಾನು ದಿನವೂ ಎಡಕ್ಕೆ ಸರಿದು ನಿಲ್ಲುತ್ತಿದ್ದೆ.

ಮಂಡಿಯ ವಿಷಯದಲ್ಲಿ ದಯವಿಟ್ಟು ಎಚ್ಚರ. ಒಂಬತ್ತನೆಯ ಚಲನೆಯಾದ ಮೇಲೆ ಬರುವ ದೊಡ್ಡ ತಿರುವಿನಲ್ಲಿ, ಒರಟು ಸಿಮೆಂಟಿನ ಮೇಲೆ ಪಾದ ಕಚ್ಚಿಕೊಂಡು ನಿಂತಾಗ ಮೈ ಮಾತ್ರ ತಿರುಗಿ, ನನ್ನ ಬಲ ಮಂಡಿ ಊದಿಕೊಂಡು ಎರಡು ವಾರ ಮೆಟ್ಟಿಲು ಹತ್ತಲಾಗಲಿಲ್ಲ. ನಯವಾದ ನೆಲವೇ ಒಳ್ಳೆಯದು, ಪಾದವೂ ಮೈಯೊಡನೆ ತಿರುಗಬೇಕು.

ಕೋಣೆ ತೀರಾ ಇಕ್ಕಟ್ಟಾಗಿದ್ದರೆ, ಅಡ್ಡಡ್ಡ ಒಂದೇ ಗೆರೆಯಲ್ಲಿ ಸಾಗುವ ತೆಕ್ಕಿ ಶೋದಾನ್ ಎಂಬ ಕಟಾ ಮಾಡಬಹುದು, ಮಂಚದ ಪಕ್ಕದ ಜಾಗವೇ ಅದಕ್ಕೆ ಸಾಕು. ಭಾನುವಾರ ವಿಡಿಯೊ ಕರೆ ಮಾಡು, ನಿನ್ನ ನಿಲುವನ್ನು ನಾನೇ ನೋಡುತ್ತೇನೆ.