ಅಪ್‌ಡೇಟ್: ಮಗನ ಫುಟ್‌ಬಾಲ್ ಕೋಚ್ ವಿಷಯ

ಹೋದ ವಾರ ಕೇಳಿದ್ದೆನಲ್ಲ, ಹಾಸನದಲ್ಲಿ ಆಡುವ ನನ್ನ 11 ವರ್ಷದ ಮಗನನ್ನು ಕೋಚ್ ಫಾರ್ವರ್ಡ್‌ನಿಂದ ಡಿಫೆನ್ಸ್‌ಗೆ ಹಾಕಿ, ಅರ್ಧದಲ್ಲೇ ಹೊರಗೂ ಕರೆದಿದ್ದಕ್ಕೆ ನಮ್ಮೆಜಮಾನರು ಟೀಮೇ ಬಿಡಿಸೋಣ ಅಂತಿದ್ದರು, ನನಗೆ ಬೇಡ ಅನಿಸುತ್ತಿತ್ತು ಅಂತ. ಪೋಷಕರೆಲ್ಲ ಸೇರಿ ಮಾತಾಡಿ ಅನ್ನೋ ಸಲಹೆ ಫಲಿಸಲಿಲ್ಲ, ಜಗಳ ಜಾಸ್ತಿಯಾಯಿತು. ಮ್ಯಾಚ್ ದಿನ ಬೇಡ, ಮರುದಿನ ನೀವಿಬ್ಬರೇ ಹೋಗಿ ಅಂದವರಿಗೆ ತುಂಬಾ ಥ್ಯಾಂಕ್ಸ್. ಕೋಚ್ ಕಡ್ಡಿಯಿಂದ ಮಣ್ಣಿನಲ್ಲಿ ಗೆರೆ ಎಳೆದು, ಇವನು ಹಿಂದಿನಿಂದ ಹೇಗೆ ಪಾಸ್ ಕೊಡುತ್ತಾನೆ ಅಂತ ತೋರಿಸಿದರು. ಮಕ್ಕಳ ಫುಟ್‌ಬಾಲ್‌ನಲ್ಲಿ ಹೊರಗೆ ಕರೆದವರನ್ನು ಮತ್ತೆ ಒಳಗೆ ಕಳಿಸುವ ಹಾಗೆ ನಿಯಮ ಇಟ್ಟುಕೊಳ್ಳಬಹುದಂತೆ! ನಮಗಿದು ಗೊತ್ತೇ ಇರಲಿಲ್ಲ. ಇಷ್ಟೆಲ್ಲ ಆದರೂ ಮಗನನ್ನು ಯಾರೂ ಕೇಳಿರಲಿಲ್ಲ. ರಾತ್ರಿ ಕೇಳಿದೆ. "ಅಮ್ಮಾ, ಹಿಂದೆ ನಿಂತ್ರೆ ಬಾಲ್ ಜಾಸ್ತಿ ಸಿಗುತ್ತೆ" ಅಂದ.